ಮನೆ ಒಂದು ಕಡೆ, ಊರು ಇನ್ನೊಂದು ಕಡೆ: ವಲಸೆ ಹೋದ ಕೊರಿಯನ್ನರ ಕಥೆ

ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ಇರುವವರನ್ನು ಕೇಳಿ ನೋಡಿ, ನಿಮ್ಮದು ಯಾವ ಊರು ಅಂತ. ಸ್ವಂತ ಮನೆ ಇದೆ, ಮಕ್ಕಳು ಇಲ್ಲೇ ಹುಟ್ಟಿದ್ದಾರೆ, ಓಟೂ ಇಲ್ಲೇ ಹಾಕುತ್ತಾರೆ. ಆದರೂ ಬಾಯಿಗೆ ಬರುವುದು 'ನಮ್ದು ತಿಪಟೂರು', 'ನಾವು ಗದಗ ಕಡೆಯವರು' ಅಂತಲೇ. ಮನೆ ಬೇರೆ, ಊರು ಬೇರೆ. ಇಂಗ್ಲಿಷ್ ಮಾತ್ರ ಬರುವವರಿಗೆ ಈ ವ್ಯತ್ಯಾಸ ಹೇಳಿ ಅರ್ಥ ಮಾಡಿಸುವಷ್ಟರಲ್ಲಿ ಕಾಫಿ ಆರಿ ಹೋಗುತ್ತದೆ. ಕೊರಿಯನ್ನರಿಗಾದರೆ ಹೇಳಬೇಕಾಗಿಯೇ ಇಲ್ಲ.

ಅವರ ಭಾಷೆಯಲ್ಲಿ ಮನೆಗೆ 'ಜಿಪ್' ಅನ್ನುತ್ತಾರೆ. ಹುಟ್ಟಿ ಬೆಳೆದ, ಹಿರಿಯರ ಸಮಾಧಿ ಇರುವ ಊರಿಗೆ 'ಗೊಹ್ಯಾಂಗ್'. 'ನನ್ನ ಮನೆ' ಅನ್ನುವುದು ಕಡಿಮೆ, 'ಉರಿ ಜಿಪ್' ಅನ್ನುತ್ತಾರೆ, ನಾವು 'ನಮ್ಮನೆ' ಅಂದ ಹಾಗೆ. ಒಬ್ಬನೇ ಒಂದು ರೂಮಲ್ಲಿ ಇದ್ದರೂ ಅದು ನಮ್ಮನೆಯೇ. (ಇಲ್ಲಿ 'ಉರಿ' ಅಂದರೆ 'ನಮ್ಮ' ಅಂತ. ಬೆಂಕಿಗೂ ಅದಕ್ಕೂ ಸಂಬಂಧ ಇಲ್ಲ.) ಗಂಡ ತನ್ನ ಹೆಂಡತಿಯ ಬಗ್ಗೆ ಬೇರೆಯವರ ಹತ್ತಿರ ಮಾತಾಡುವಾಗ 'ಜಿಪ್‌ಸರಾಮ್' ಅನ್ನುವುದುಂಟು. ಅದು ಥೇಟ್ ನಮ್ಮ 'ಮನೆಯವರು'. ತವರುಮನೆಗೆ 'ಚಿನ್‌ಜಂಗ್' ಅಂತ ಬೇರೆ ಹೆಸರೇ ಇದೆ. ಇನ್ನೊಂದು ಮಜಾ ಅಂದರೆ, ಊಟದ ಹೋಟೆಲ್ ಕೂಡ ಅವರಿಗೆ 'ಬಾಪ್‌ಜಿಪ್', ಅನ್ನದ ಮನೆ. ಸಾರಾಯಿ ಅಂಗಡಿ 'ಸುಲ್‌ಜಿಪ್'. ವ್ಯಾಪಾರ ಮಾಡುವ ಜಾಗವನ್ನೂ ಅವರು ಮನೆ ಅಂತಲೇ ಕರೆಯುತ್ತಾರೆ. ಲಾಸ್ ಏಂಜಲೀಸ್ ಕಥೆಗೆ ಬಂದಾಗ ಈ ಮಾತು ಬೇಕಾಗುತ್ತದೆ.

ನಮ್ಮಲ್ಲಿ ಮನೆಯೂ ಊರೂ ದೂರ ಆದರೆ ಒಂದು ರಾತ್ರಿ ಬಸ್ಸಿನಷ್ಟು ದೂರ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ಗೆ ಹೋದರೆ ಗೊತ್ತಾಗುತ್ತದೆ. ಕೊರಿಯಾದಲ್ಲೂ ಚುಸೊಕ್ ಹಬ್ಬಕ್ಕೆ ಹೀಗೇ, ಹೆದ್ದಾರಿಗಳೆಲ್ಲ ಜಾಮ್. ಆದರೆ ಬರಗಾಲ, ಜಪಾನಿನ ಆಳ್ವಿಕೆ, ಯುದ್ಧ, ಬಡತನ ಅಂತ ದೇಶ ಬಿಟ್ಟು ಹೋದ ಕೊರಿಯನ್ನರಿಗೆ ಹಿಂದಿರುಗುವ ಬಸ್ಸೇ ಇರಲಿಲ್ಲ. ಇವತ್ತು ಸುಮಾರು 70 ಲಕ್ಷ ಕೊರಿಯನ್ ಮೂಲದವರು ಹೊರದೇಶಗಳಲ್ಲಿದ್ದಾರೆ. ಎಲ್ಲರೂ ಕಷ್ಟದಲ್ಲಿಲ್ಲ, ಬಿಡಿ. ಕಷ್ಟಪಟ್ಟವರಲ್ಲಿ ಕೆಲವರ ಮನೆ ಎಲ್ಲಿ ಉಳಿಯಿತು, ಊರು ಎಲ್ಲಿ ಹೋಯಿತು ಅಂತ ನೋಡಿದರೆ, ಒಬ್ಬೊಬ್ಬರದು ಒಂದೊಂದು ಥರ.

ಗುಡ್ಡ ತೋಡಿ ಮಾಡಿದ ಮನೆ

ಕಜಕಿಸ್ತಾನದಲ್ಲಿ ಉಶ್ತೊಬೆ ಅಂತ ಒಂದು ಪುಟ್ಟ ಪಟ್ಟಣ. ರೈಲು ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಬಸ್ತೊಬೆ ಅನ್ನುವ ಬೋಳು ಗುಡ್ಡ. ಅಲ್ಲೊಂದು ಸ್ಮಾರಕದ ಕಲ್ಲಿದೆ. ದೂರಪ್ರಾಚ್ಯದಿಂದ, ಅಂದರೆ ರಷ್ಯಾದ ಪೂರ್ವ ತುದಿಯಿಂದ, ಬಲವಂತವಾಗಿ ತಂದ ಕೊರಿಯನ್ನರು 1937ರ ಅಕ್ಟೋಬರ್ 9ರಿಂದ 1938ರ ಏಪ್ರಿಲ್ 10ರವರೆಗೆ ಇಲ್ಲಿ ನೆಲ ತೋಡಿಕೊಂಡು ಬದುಕಿದರು ಅಂತ ಅದರಲ್ಲಿ ಬರೆದಿದೆ. ಅಂದರೆ ಒಂದು ಇಡೀ ಚಳಿಗಾಲ.

ಇವರು ಯಾರು? 1860ರ ದಶಕದಲ್ಲಿ ಕೊರಿಯಾದ ಉತ್ತರದ ಹಮ್‌ಗ್ಯಂಗ್ ಪ್ರಾಂತ್ಯದ ಬಡ ರೈತರು ತುಮೆನ್ ನದಿ ದಾಟಿ ರಷ್ಯಾದ ಕಡೆ ಹೋದರು. ಅಲ್ಲಿ ಬೇಕಾದಷ್ಟು ಭೂಮಿ ಇತ್ತು, ಉಳುವವರು ಇರಲಿಲ್ಲ. ಆಮೇಲೆ ಜಪಾನ್ 1910ರಲ್ಲಿ ಕೊರಿಯಾವನ್ನು ನುಂಗಿದಾಗ ಇನ್ನಷ್ಟು ಜನ ಹೋದರು. ವ್ಲಾಡಿವಾಸ್ಟಾಕ್‌ನಲ್ಲಿ 'ಸಿನ್ಹಾನ್‌ಚೊನ್', ಹೊಸ ಕೊರಿಯಾ ಹಳ್ಳಿ, ಅಂತಲೇ ಒಂದು ಬಡಾವಣೆ ಆಯಿತು. ಶಾಲೆ, ಪತ್ರಿಕೆ, ನಾಟಕ ಕಂಪನಿ ಎಲ್ಲ ಬಂತು. ಮೂರು ತಲೆಮಾರು ಕಳೆಯುವಷ್ಟರಲ್ಲಿ ಅದೇ ಅವರ ಊರಾಯಿತು.

1937ರ ಆಗಸ್ಟ್ 21ರಂದು ಸೋವಿಯತ್ ಸರ್ವಾಧಿಕಾರಿ ಸ್ಟಾಲಿನ್ ಮತ್ತು ಅವನ ಪ್ರಧಾನಿ ಮೊಲೊತೊವ್ ಒಂದು ಆದೇಶಕ್ಕೆ ಸಹಿ ಹಾಕಿದರು. ಗಡಿಯಲ್ಲಿರುವ ಕೊರಿಯನ್ನರನ್ನೆಲ್ಲ ಮಧ್ಯ ಏಷ್ಯಾಕ್ಕೆ ಸಾಗಿಸಿ, ಜಪಾನಿನ ಗೂಢಚಾರರು ಇವರ ನಡುವೆ ನುಸುಳುತ್ತಾರೆ ಅಂತ. ಜಪಾನಿನ ಕಾಟ ತಾಳದೆ ಓಡಿ ಬಂದವರ ಮೇಲೇ ಜಪಾನಿನ ಗೂಢಚಾರಿಕೆಯ ಗುಮಾನಿ! ಅಕ್ಟೋಬರ್ 25ರ ಸರ್ಕಾರಿ ಲೆಕ್ಕದ ಪ್ರಕಾರ 124 ರೈಲುಗಳಲ್ಲಿ 36,442 ಕುಟುಂಬಗಳು, 1,71,781 ಜನ. ಪ್ರಯಾಣಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು. ಎಲ್ಲ ಸರಕು ಸಾಗಿಸುವ ಬೋಗಿಗಳು. ದಾರಿಯಲ್ಲಿ ಸತ್ತ ಮಕ್ಕಳನ್ನು, ಮುದುಕರನ್ನು ರೈಲು ನಿಂತ ಕಡೆ ಇಳಿಸಿ ಹೋಗಬೇಕಾಯಿತು. ಹಿರಿಯರ ಸಮಾಧಿಗೆ ವರ್ಷ ವರ್ಷ ಹೋಗಿ ಅಡ್ಡಬೀಳುವ ಜನಕ್ಕೆ ಸಮಾಧಿ ಎಲ್ಲಿದೆ ಅಂತಲೇ ಗೊತ್ತಿಲ್ಲದ ಹಾಗಾಯಿತು.

ಉಶ್ತೊಬೆಯಲ್ಲಿ ಇಳಿದಾಗ ಸುತ್ತ ಬಯಲು. ಮರವಿಲ್ಲ, ಮನೆಯಿಲ್ಲ. ಚಳಿ ಶುರುವಾಗಿತ್ತು. ಗುಡ್ಡದ ಮಗ್ಗುಲನ್ನು ತೋಡಿದರು, ಮೇಲೆ ಜೊಂಡು ಹೊದಿಸಿದರು. ಗಾಳಿಗೆ ಅಡ್ಡ ಗುಡ್ಡ, ತಲೆಯ ಮೇಲೆ ಹುಲ್ಲು, ಅಷ್ಟೇ ಮನೆ. ಆದರೆ ಆ ಗುಂಡಿಯೊಳಗೂ ಒಂದು ಕೆಲಸ ಮರೆಯಲಿಲ್ಲ: ನೆಲ ಬೆಚ್ಚಗಿರಿಸುವ ವ್ಯವಸ್ಥೆ. ಇದಕ್ಕೆ 'ಒಂಡೋಲ್' ಅನ್ನುತ್ತಾರೆ. ಒಲೆ ಒಂದು ಕಡೆ, ಹೊಗೆ ಹೋಗುವ ಗೂಡು ಇನ್ನೊಂದು ಕಡೆ. ನಡುವೆ ನೆಲದಡಿ ಕಲ್ಲು ಜೋಡಿಸಿದ ಕಾಲುವೆ. ಒಲೆಯ ಬಿಸಿ ಹೊಗೆ ಆ ಕಾಲುವೆಯಲ್ಲಿ ಹರಿದು ಹೋಗುತ್ತಾ ಮೇಲಿನ ಚಪ್ಪಡಿ ಕಾಯಿಸುತ್ತದೆ. ಅನ್ನ ಬೇಯಿಸಿದ ಬೆಂಕಿಯಲ್ಲೇ ಮಲಗುವ ಜಾಗವೂ ಬೆಚ್ಚಗಾಗುತ್ತದೆ. ಕೊರಿಯನ್ನರು ಕೂರುವುದು, ಉಣ್ಣುವುದು, ಮಲಗುವುದು ಎಲ್ಲ ನೆಲದ ಮೇಲೇ. ಹಾಗಾಗಿ ಅವರಿಗೆ ಮನೆ ಅಂದರೆ ಗೋಡೆಗಿಂತ ಜಾಸ್ತಿ, ಬೆಚ್ಚಗಿನ ನೆಲ.

ಅಕ್ಕಪಕ್ಕದ ಕಜಕ್ ಜನ ರೊಟ್ಟಿ ಕೊಟ್ಟರು. ಇದನ್ನು ಸುಮ್ನೆ ಓದಿ ಮುಂದೆ ಹೋಗಬಾರದು. ಅದಕ್ಕೆ ನಾಲ್ಕೈದು ವರ್ಷ ಹಿಂದಷ್ಟೇ ಕಜಕ್ ಜನರಲ್ಲೇ ಹತ್ತು ಲಕ್ಷಕ್ಕೂ ಜಾಸ್ತಿ ಮಂದಿ ಕ್ಷಾಮದಲ್ಲಿ ಸತ್ತಿದ್ದರು. ತಮಗೇ ಇಲ್ಲದವರು ಹಂಚಿಕೊಂಡ ರೊಟ್ಟಿ ಅದು. ಇವತ್ತಿಗೂ ಅಲ್ಲಿನ ಕೊರಿಯನ್ನರು ಆ ಋಣದ ಮಾತು ಎತ್ತುತ್ತಾರೆ.

ಇನ್ನು ಅಡುಗೆ. ಕಿಮ್ಚಿಗೆ (ಉಪ್ಪು ಖಾರ ಹಾಕಿ ಹುದುಗಿಸಿದ ತರಕಾರಿ) ಬೇಕಾದ ಉದ್ದನೆಯ ಎಲೆಕೋಸು ಅಲ್ಲಿ ಸಿಗುತ್ತಿರಲಿಲ್ಲ. ಕ್ಯಾರೆಟ್ ಮಾತ್ರ ಬೇಕಾದಷ್ಟಿತ್ತು. ಸರಿ, ಕ್ಯಾರೆಟ್ಟನ್ನೇ ನೂಲಿನ ಹಾಗೆ ಹೆಚ್ಚಿ, ಉಪ್ಪು ಹಾಕಿ ಹಿಂಡಿ, ವಿನೆಗರ್, ಬೆಳ್ಳುಳ್ಳಿ, ಮೆಣಸಿನ ಪುಡಿ, ಕೊತ್ತಂಬರಿ ಬೀಜದ ಪುಡಿ ಸೇರಿಸಿ, ಮೇಲಿಂದ ಚುರ್ ಅನ್ನುವ ಹಾಗೆ ಕಾದ ಎಣ್ಣೆ ಸುರಿದರು. ಒಗ್ಗರಣೆ ಹಾಕಿದ ಕೋಸಂಬರಿಯ ದೂರದ ನೆಂಟ ಅನ್ನಿ. ಹೆಸರು 'ಮಾರ್ಕೊವ್ ಚಾ'. ಮೊದಲ ಅರ್ಧ ರಷ್ಯನ್ ಭಾಷೆಯ ಕ್ಯಾರೆಟ್, ಎರಡನೇ ಅರ್ಧ ಕೊರಿಯನ್ ಭಾಷೆಯ ಹೆಚ್ಚಿದ ತರಕಾರಿ. ಮುಂದೆ ಇದು ಇಡೀ ಸೋವಿಯತ್ ದೇಶದ ಮಾರುಕಟ್ಟೆಗಳಲ್ಲಿ 'ಕೊರಿಯನ್ ಕ್ಯಾರೆಟ್' ಅಂತ ಹೆಸರಾಯಿತು. ಆದರೆ ಅಂಥ ತಿಂಡಿ ಇದೆ ಅಂತ ಕೊರಿಯಾದಲ್ಲೇ ಯಾರಿಗೂ ಗೊತ್ತಿರಲಿಲ್ಲ.

1938ರಿಂದ ಕೊರಿಯನ್ ಶಾಲೆಗಳು ರಷ್ಯನ್ ಶಾಲೆಗಳಾದವು. ಸ್ಟಾಲಿನ್ ಸಾಯುವವರೆಗೆ ಆ ಪ್ರದೇಶ ಬಿಟ್ಟು ಓಡಾಡುವುದಕ್ಕೂ ನಿರ್ಬಂಧ ಇತ್ತು. ಮೊಮ್ಮಕ್ಕಳ ಬಾಯಲ್ಲಿ ಭಾಷೆ ಸವೆಯಿತು, ರುಚಿ ಉಳಿಯಿತು. ತಮ್ಮನ್ನು ಅವರು 'ಕೊರ್ಯೊ ಸರಾಮ್' ಅಂತ ಕರೆದುಕೊಳ್ಳುತ್ತಾರೆ, ಕೊರ್ಯೊ ಜನ. ಕೊರ್ಯೊ ಅಂದರೆ ಕೊರಿಯಾದ ಹಳೆಯ ಹೆಸರು.

ಹೊಂಗ್ ಬಮ್ ದೊ ಅನ್ನುವ ಸೇನಾನಿಯನ್ನೂ ಇದೇ ರೈಲುಗಳಲ್ಲಿ ತುಂಬಿ ಕಳಿಸಿದ್ದರು. 1920ರಲ್ಲಿ ಬೊಂಗೊದೊಂಗ್ ಎಂಬಲ್ಲಿ ಜಪಾನಿ ಸೈನ್ಯವನ್ನು ಸೋಲಿಸಿದ ಮನುಷ್ಯ. ಕೊನೆಗಾಲದಲ್ಲಿ ಕಿಜಿಲೊರ್ದಾ ಪಟ್ಟಣದ ಕೊರಿಯನ್ ನಾಟಕಶಾಲೆಗೆ ಕಾವಲುಗಾರ. 1943ರಲ್ಲಿ ಅಲ್ಲೇ ತೀರಿಕೊಂಡರು. 2021ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾ ಸರ್ಕಾರ ಅವರ ಅಸ್ಥಿಯನ್ನು ವಿಮಾನದಲ್ಲಿ ತರಿಸಿ ದೇಜೊನ್ ನಗರದ ರಾಷ್ಟ್ರೀಯ ಸ್ಮಶಾನದಲ್ಲಿ ಮಣ್ಣು ಮಾಡಿತು. ಊರಿಗೆ ಬಂದರು ಅಂತ ಪತ್ರಿಕೆಗಳು ಬರೆದವು. ಆದರೆ ಅವರು ಹುಟ್ಟಿದ್ದು ಪ್ಯೊಂಗ್‌ಯಾಂಗ್‌ನಲ್ಲಿ, ಇವತ್ತಿನ ಉತ್ತರ ಕೊರಿಯಾದಲ್ಲಿ. ಹಮ್‌ಗ್ಯಂಗ್ ಇರುವುದೂ ಅಲ್ಲೇ. ದೇಶ ಎರಡಾದ ಮೇಲೆ ಬಹುಪಾಲು ಕೊರ್ಯೊ ಸರಾಮ್ ಜನರ ಹಿರಿಯರ ಊರು ಯಾರೂ ಹೋಗಲಾಗದ ಕಡೆ ಉಳಿದುಕೊಂಡಿತು.

ಬೇರೆಯವರ ಜಾಗ, ನಮ್ಮ ಊರು

ಜಪಾನಿನ ಕ್ಯೋಟೊ ಪಕ್ಕ ಉಜಿ ಅಂತ ಊರಿದೆ, ಚಹಾಕ್ಕೆ ಹೆಸರುವಾಸಿ. ಅಲ್ಲಿ ಉತೊರೊ ಅನ್ನುವ ಒಂದು ಸಣ್ಣ ಕೇರಿ. ಯುದ್ಧದ ಕಾಲದಲ್ಲಿ ಅಲ್ಲಿ ವಿಮಾನ ನಿಲ್ದಾಣ ಕಟ್ಟಲು ಸುಮಾರು 1,300 ಕೊರಿಯನ್ ಕೂಲಿಗಳನ್ನು ಹಾಕಿದ್ದರು. ಅವರಿಗಾಗಿ ಹಲಗೆಯ ಶೆಡ್ಡುಗಳನ್ನು ಹಾಕಿದ್ದರು. 1945ರ ಆಗಸ್ಟ್‌ನಲ್ಲಿ ಜಪಾನ್ ಸೋತಿತು, ಕೆಲಸ ನಿಂತಿತು, ಕೂಲಿಗಳನ್ನು ಹಾಗೇ ಕೈಬಿಟ್ಟರು. ಕೆಲವರು ಕೊರಿಯಾಕ್ಕೆ ಹೋದರು. ಹಡಗಿಗೆ ದುಡ್ಡಿಲ್ಲದವರು, ಹೋದರೂ ಹೊಲವಿಲ್ಲದವರು ಅಲ್ಲೇ ಉಳಿದರು. 1952ರಲ್ಲಿ ಜಪಾನಿನಲ್ಲಿದ್ದ ಕೊರಿಯನ್ನರ ಜಪಾನಿ ಪೌರತ್ವವೂ ಹೋಯಿತು. ಕೆಲಸ ಮಾಡಿಸುವಾಗ ಚಕ್ರವರ್ತಿಯ ಪ್ರಜೆಗಳು, ಕೆಲಸ ಮುಗಿದ ಮೇಲೆ ಪರದೇಶಿಗಳು.

ಉತೊರೊದಲ್ಲಿ ಮಳೆ ಬಂದರೆ ಮನೆಯೊಳಗೆ ನೀರು. ಕುಡಿಯಲು ಬಾವಿ. ಸುತ್ತಲ ಬಡಾವಣೆಗಳಿಗೆಲ್ಲ ನಲ್ಲಿ ಬಂದು ಎಷ್ಟೋ ಕಾಲ ಆದ ಮೇಲೆ ಇಲ್ಲಿಗೆ ನಲ್ಲಿ ನೀರು ಬಂದಿದ್ದು 1988ರಲ್ಲಿ. ಜಪಾನ್ ಆಗ ಜಗತ್ತಿನ ಎರಡನೇ ಅತಿ ಶ್ರೀಮಂತ ದೇಶ. ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿದ್ದಿತ್ತು. ಭೂಮಿ ಕಾಗದದ ಮೇಲೆ ಒಂದು ಕಂಪನಿಯದು. 1987ರಲ್ಲಿ ಅದನ್ನು ಮಾರಿಬಿಟ್ಟರು. ಕೊಂಡವರು 1989ರಲ್ಲಿ ಕೋರ್ಟಿಗೆ ಹೋದರು, ಜಾಗ ಖಾಲಿ ಮಾಡಿಸಿ ಅಂತ. 2000ದಲ್ಲಿ ಸುಪ್ರೀಂ ಕೋರ್ಟ್ ಕೂಡ ನಿವಾಸಿಗಳ ವಿರುದ್ಧವೇ ತೀರ್ಪು ಕೊಟ್ಟಿತು.

ಕಾನೂನಿನ ಕಣ್ಣಲ್ಲಿ ಅವರು ಅತಿಕ್ರಮಣಕಾರರು. ಆದರೆ ಅವರ ಮಕ್ಕಳು, ಮೊಮ್ಮಕ್ಕಳು ಹುಟ್ಟಿದ್ದು ಆ ಗಲ್ಲಿಯಲ್ಲೇ. ಕೊರಿಯಾ ನೋಡಿಯೇ ಇಲ್ಲದ ಮಕ್ಕಳಿಗೆ ಗೊಹ್ಯಾಂಗ್ ಯಾವುದು ಅಂದರೆ ಉತೊರೊ. ಅವರು ಮನೆಗಳ ಮುಂದೆ ಪ್ರತಿಭಟನೆಯ ಫಲಕಗಳನ್ನು ನೆಟ್ಟರು. ಜಪಾನಿನ ನೆರೆಹೊರೆಯವರೂ ಜೊತೆಗೆ ನಿಂತರು. ದಕ್ಷಿಣ ಕೊರಿಯಾದಲ್ಲಿ ಜನ ಚಂದಾ ಎತ್ತಿದರು, ಸರ್ಕಾರವೂ 300 ಕೋಟಿ ವನ್ ಕೊಟ್ಟಿತು. ಅದರಿಂದ ಜಾಗದ ಒಂದು ಭಾಗ ಕೊಂಡರು. 2018ರಲ್ಲಿ ಸಾರ್ವಜನಿಕ ವಸತಿಯ ಮೊದಲ ಕಟ್ಟಡ ಎದ್ದಿತು.

2021ರ ಆಗಸ್ಟ್‌ನಲ್ಲಿ 22 ವರ್ಷದ ಜಪಾನಿ ಯುವಕನೊಬ್ಬ ಅಲ್ಲಿ ಬೆಂಕಿ ಹಚ್ಚಿದ. ಕೊರಿಯನ್ನರ ಮೇಲಿನ ದ್ವೇಷದಿಂದಲೇ ಹಚ್ಚಿದ್ದು. ಅವನಿಗೆ ನಾಲ್ಕು ವರ್ಷ ಜೈಲಾಯಿತು. ಮ್ಯೂಸಿಯಂನಲ್ಲಿ ಇಡಬೇಕೆಂದು ಜೋಪಾನ ಮಾಡಿದ್ದ ಹಳೆಯ ಫಲಕಗಳು ಆ ಬೆಂಕಿಯಲ್ಲಿ ಸುಟ್ಟುಹೋದವು. ಮರುವರ್ಷದ ಏಪ್ರಿಲ್‌ನಲ್ಲಿ ಮ್ಯೂಸಿಯಂ ಬಾಗಿಲು ತೆರೆಯಿತು. ಕೂಲಿಗಳಿದ್ದ ಹಲಗೆಯ ಶೆಡ್ಡೊಂದನ್ನು ಬಿಚ್ಚಿ ತಂದು ಅದರ ಮುಂದೆ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಯಾರೂ ಇಷ್ಟಪಟ್ಟು ಇರದ ಮನೆ, ಈಗ ಜೋಪಾನವಾಗಿ ಕಾಯುವ ಮನೆ.

ಊರು ಸಿಕ್ಕಿತು, ಮಕ್ಕಳು ಅಲ್ಲೇ ಉಳಿದರು

ಜಪಾನಿನ ಉತ್ತರಕ್ಕೆ ಸಖಾಲಿನ್ ದ್ವೀಪ. ಯುದ್ಧಕಾಲದಲ್ಲಿ ಅದರ ದಕ್ಷಿಣಾರ್ಧ ಜಪಾನಿನದು. ಕಲ್ಲಿದ್ದಲು ಗಣಿಗೆ, ಕಾಡು ಕಡಿಯಲು ಕೊರಿಯನ್ನರನ್ನು ಒಯ್ದರು. ಯುದ್ಧ ಮುಗಿದ ಮೇಲೆ ದ್ವೀಪ ಸೋವಿಯತ್ ಕೈಗೆ ಬಂತು. ಹಡಗುಗಳು ಜಪಾನಿಯರನ್ನು ಕರೆದುಕೊಂಡು ಹೋದವು, ಕೊರಿಯನ್ನರನ್ನು ಹತ್ತಿಸಿಕೊಳ್ಳಲಿಲ್ಲ. ಕೋರ್ಸಾಕೋವ್ ಬಂದರಿನ ಮೇಲಿನ ಗುಡ್ಡದಲ್ಲಿ ನಿಂತು ನಾಳೆ ಬರುತ್ತದೆ, ನಾಳಿದ್ದು ಬರುತ್ತದೆ ಅಂತ ಕಾದರು. ಸಾವಿರಾರು ಜನ ಹೀಗೆ ಸಿಕ್ಕಿಹಾಕಿಕೊಂಡರು. ಸೋವಿಯತ್ ದೇಶಕ್ಕೂ ದಕ್ಷಿಣ ಕೊರಿಯಾಕ್ಕೂ ರಾಜತಾಂತ್ರಿಕ ಸಂಬಂಧ ಕುದುರಿದ್ದೇ 1990ರಲ್ಲಿ.

2000ದಲ್ಲಿ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ಹತ್ತಿರದ ಅನ್ಸಾನ್‌ನಲ್ಲಿ ಇವರಿಗಾಗಿ ಅಪಾರ್ಟ್‌ಮೆಂಟ್ ಕಟ್ಟಿಸಿದರು. ಹೆಸರು 'ಗೊಹ್ಯಾಂಗ್ ಮಾಉಲ್', ತಾಯ್ನೆಲದ ಹಳ್ಳಿ. ಆದರೆ ಬರಲು ಅವಕಾಶ ಇದ್ದದ್ದು 1945ರ ಆಗಸ್ಟ್ 15ರ ಒಳಗೆ ಹುಟ್ಟಿದವರಿಗೆ ಅಥವಾ ಅದಕ್ಕೂ ಮೊದಲೇ ಸಖಾಲಿನ್‌ಗೆ ಹೋದವರಿಗೆ ಮಾತ್ರ. ಮಕ್ಕಳು ಅಲ್ಲೇ. ಐವತ್ತು ವರ್ಷ ಹಿಂದೆ ಅಪ್ಪ ಅಮ್ಮನಿಂದ ಬೇರೆಯಾದವರು ಈಗ ಊರಿಗಾಗಿ ಮಕ್ಕಳು ಮೊಮ್ಮಕ್ಕಳಿಂದ ಬೇರೆಯಾಗಬೇಕು. 2021ರಲ್ಲಿ ಹೊಸ ಕಾನೂನು ಬಂತು, ಮಕ್ಕಳಲ್ಲಿ ಒಬ್ಬರನ್ನು ಕರೆತರಬಹುದು ಅಂತ. ಮೂವರು ಮಕ್ಕಳಿದ್ದರೆ ಯಾರನ್ನು ಕರೆಯಬೇಕಿತ್ತು? (ಒಬ್ಬರೇ ಅನ್ನುವ ಮಿತಿಯನ್ನು 2024ರಲ್ಲಿ ತೆಗೆದರು.) ಕಾಗದದ ಮೇಲೆ ದಯೆಯ ಹಾಗೆ ಕಾಣುವ ನಿಯಮ ಮನೆಯೊಳಗೆ ಬಂದಾಗ ಹೇಗಿರುತ್ತದೆ ಅಂತ ಬರೆದವರು ಯೋಚಿಸಿರಲಿಲ್ಲ ಅಂತ ಕಾಣುತ್ತದೆ.

ಅಂಗಡಿಯೇ ಮನೆ

ಅಮೆರಿಕದ ಕಥೆ ಬೇರೆ. ಇಲ್ಲಿ ಯಾರೂ ರೈಲಿಗೆ ತುಂಬಲಿಲ್ಲ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿತು, ಏಷ್ಯಾದವರಿಗೆ ಬಾಗಿಲು ತೆರೆಯಿತು. 1970ರಲ್ಲಿ ಸುಮಾರು 70 ಸಾವಿರ ಇದ್ದ ಕೊರಿಯನ್ನರು 1990ಕ್ಕೆ 8 ಲಕ್ಷ ಆದರು. ಬಂದವರಲ್ಲಿ ಡಿಗ್ರಿ ಇದ್ದವರು ಬಹಳ. ಆದರೆ ಸೋಲ್‌ನ ಡಿಗ್ರಿಗೆ ಅಲ್ಲಿ ಬೆಲೆ ಇಲ್ಲ, ಇಂಗ್ಲಿಷ್ ಸರಾಗ ಬರುವುದಿಲ್ಲ. ಹಾಗಾಗಿ ಮೇಷ್ಟ್ರಾಗಿದ್ದವರು ತರಕಾರಿ ಅಂಗಡಿ ಇಟ್ಟರು, ಆಫೀಸರ್ ಆಗಿದ್ದವರು ಲಾಂಡ್ರಿ ಹಾಕಿದರು.

ಬಂಡವಾಳ ಎಲ್ಲಿಂದ? ಬ್ಯಾಂಕ್ ಕೊಡುವುದಿಲ್ಲ. ಇಲ್ಲಿ ಕನ್ನಡದ ಓದುಗರಿಗೆ ಏನೂ ವಿವರಿಸಬೇಕಿಲ್ಲ: ಚೀಟಿ ಹಾಕಿದರು. ಕೊರಿಯನ್ ಹೆಸರು 'ಗ್ಯೆ'. ಹತ್ತಿಪ್ಪತ್ತು ಜನ ಸೇರಿ ತಿಂಗಳು ತಿಂಗಳು ಹಣ ಕಟ್ಟುವುದು, ಒಬ್ಬೊಬ್ಬರು ಒಂದೊಂದು ತಿಂಗಳು ಎತ್ತುವುದು. ಕೂಗಿ ಬಿಡ್ ಮಾಡುವ ಗ್ಯೆ ಇದೆ. ಮೊದಲು ಎತ್ತುವವರು ಜಾಸ್ತಿ ಕಟ್ಟಬೇಕು, ಕೊನೆಗೆ ಎತ್ತುವವರು ಕಡಿಮೆ ಕಟ್ಟಬೇಕು ಅನ್ನುವ ಗ್ಯೆಯೂ ಇದೆ. ಕಾಗದ ಪತ್ರ ಇಲ್ಲ, ಮುಖ ನೋಡಿ ನಂಬಿಕೆ. ಓಡಿಹೋದರೆ ಚರ್ಚಿನಲ್ಲಿ ಮುಖ ತೋರಿಸುವ ಹಾಗಿಲ್ಲ. ಚರ್ಚ್ ಅಂದರೆ ಅವರಿಗೆ ಬರೀ ಪ್ರಾರ್ಥನೆ ಅಲ್ಲ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅನ್ನ, ಸಾರು, ಕಿಮ್ಚಿ. ವಾರಕ್ಕೊಮ್ಮೆ ಎರಡು ಗಂಟೆ ಊರಿಗೆ ಹೋಗಿ ಬಂದ ಹಾಗೆ.

ಉಳಿದ ಹೊತ್ತೆಲ್ಲ ಅಂಗಡಿ. ಬೆಳಗ್ಗೆ ಕತ್ತಲಲ್ಲಿ ಸಗಟು ಮಾರುಕಟ್ಟೆ, ರಾತ್ರಿ ಕತ್ತಲಲ್ಲಿ ಷಟರ್. ಸಾಲ ಮಾಡಿ ಕೊಂಡ ಮನೆ ನಗರದ ಹೊರಗೆ ಎಲ್ಲೋ ಇದೆ, ಮಲಗಲು ಮಾತ್ರ. ಮಕ್ಕಳು ಶಾಲೆ ಮುಗಿಸಿ ನೇರ ಅಂಗಡಿಗೆ ಬರುತ್ತಾರೆ. ಕೌಂಟರ್ ಹಿಂದೆ ಪೆಟ್ಟಿಗೆಯ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಾರೆ, ಹಿಂದಿನ ಕೋಣೆಯ ರೈಸ್ ಕುಕ್ಕರ್‌ನಿಂದ ಊಟ ಮಾಡುತ್ತಾರೆ. ಪೊಲೀಸ್ ಬಂದರೆ, ಬಿಲ್ ಬಂದರೆ, ಹತ್ತು ವರ್ಷದ ಮಗಳು ಅಪ್ಪನಿಗೆ ಓದಿ ಹೇಳುತ್ತಾಳೆ. ಅಂಗಡಿಯನ್ನೂ ಜಿಪ್ ಅನ್ನುವ ಭಾಷೆ ಅವರದು ಅಂದೆನಲ್ಲ, ಇಲ್ಲಿ ಅದು ಬರೀ ಮಾತಾಗಿರಲಿಲ್ಲ.

ಆದರೆ ಆ ಅಂಗಡಿ ಇದ್ದದ್ದು ಇನ್ನೊಬ್ಬರ ಊರಲ್ಲಿ. ಬಾಡಿಗೆ ಕಡಿಮೆ ಅಂತ, ದೊಡ್ಡ ಅಂಗಡಿಗಳು ಬಿಟ್ಟು ಹೋದ ಜಾಗ ಅಂತ, ಲಾಸ್ ಏಂಜಲೀಸ್‌ನ ಕಪ್ಪು ಜನರ ಬಡ ಬಡಾವಣೆಗಳಲ್ಲಿ ಕೊರಿಯನ್ನರು ಅಂಗಡಿ ಇಟ್ಟರು. ಅಲ್ಲಿಯವರ ಕಣ್ಣಿಗೆ ಇವರು ಬೆಳಗ್ಗೆ ಬಂದು ದುಡ್ಡು ಎಣಿಸಿ ರಾತ್ರಿ ಹೋಗುವವರು. ಇವರ ಕಣ್ಣಿಗೆ ಬರುವ ಗಿರಾಕಿಯೆಲ್ಲ ಕಳ್ಳ. 1991ರ ಮಾರ್ಚ್‌ನಲ್ಲಿ ಒಂದು ಜ್ಯೂಸ್ ಬಾಟಲಿಯ ಜಗಳದಲ್ಲಿ ಕೊರಿಯನ್ ಅಂಗಡಿಯವಳೊಬ್ಬಳು 15 ವರ್ಷದ ಲತಾಶಾ ಹಾರ್ಲಿನ್ಸ್ ಎಂಬ ಕಪ್ಪು ಹುಡುಗಿಯನ್ನು ಗುಂಡಿಟ್ಟು ಕೊಂದಳು. ಕೋರ್ಟ್ ಜೈಲಿಗೆ ಹಾಕದೆ ಬಿಟ್ಟಿತು. ಕೊರಿಯನ್ನರ ಕಷ್ಟದ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳಿದರೆ ಅದು ಅರ್ಧ ಕಥೆ.

1992ರ ಏಪ್ರಿಲ್ 29. ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಹೊಡೆದ ಪೊಲೀಸರನ್ನು ಕೋರ್ಟ್ ಖುಲಾಸೆ ಮಾಡಿತು, ನಗರ ಹೊತ್ತಿ ಉರಿಯಿತು. ಕೊರಿಯನ್ನರು ಆ ದಿನವನ್ನು 'ಸಾ ಇ ಗು' ಅನ್ನುತ್ತಾರೆ, ನಾಲ್ಕು ಎರಡು ಒಂಬತ್ತು. 2,200ಕ್ಕೂ ಹೆಚ್ಚು ಕೊರಿಯನ್ ಅಂಗಡಿಗಳು ಸುಟ್ಟವು ಅಥವಾ ಲೂಟಿಯಾದವು. ನಷ್ಟ ಸುಮಾರು 40 ಕೋಟಿ ಡಾಲರ್. ಪೊಲೀಸರು ಕೊರಿಯಾಟೌನ್ ಕಡೆ ತಿರುಗಿ ನೋಡಲಿಲ್ಲ. ಜನ ಕೊರಿಯನ್ ರೇಡಿಯೋಗೆ ಫೋನ್ ಮಾಡಿ, ನಮ್ಮ ಅಂಗಡಿಗೆ ಬನ್ನಿ ಅಂತ ಕೂಗಿಕೊಂಡರು. ಆ ಕೂಗು ಕೇಳಿ ಹೋದ 18 ವರ್ಷದ ಕೊರಿಯನ್ ಹುಡುಗನೊಬ್ಬ ಗುಂಡಿಗೆ ಬಲಿಯಾದ. ಎಷ್ಟೋ ಜನರಿಗೆ ಇನ್ಶೂರೆನ್ಸ್ ಇರಲಿಲ್ಲ, ಇದ್ದವರಲ್ಲೂ ಕೆಲವರ ಕಂಪನಿ ನಕಲಿ. ಅಂಗಡಿಗೆಂದು ಮನೆ ಅಡವಿಟ್ಟವರಿಗೆ ಎರಡೂ ಹೋಯಿತು.

ಮೂರು ದಿನ ಬಿಟ್ಟು, ಮೇ 2ರಂದು ಸುಮಾರು 30 ಸಾವಿರ ಜನ ಕೊರಿಯಾಟೌನ್‌ನಲ್ಲಿ ಮೆರವಣಿಗೆ ಮಾಡಿದರು. ಬಹುಪಾಲು ಕೊರಿಯನ್ನರೇ, ಆದರೆ ಕಪ್ಪು ಜನ, ಬಿಳಿಯರು, ಲ್ಯಾಟಿನೊಗಳೂ ಇದ್ದರು. ಅಲ್ಲಿಯವರೆಗೆ ಒಂದು ದಿನ ದುಡ್ಡು ಮಾಡಿಕೊಂಡು ವಾಪಸ್ ಹೋಗುತ್ತೇವೆ ಅನ್ನುತ್ತಿದ್ದ ತಲೆಮಾರು. ಬೀದಿಗೆ ಇಳಿದು ಇದು ನಮ್ಮ ಊರು, ನಮಗೂ ಪೊಲೀಸ್ ಬೇಕು ಅಂತ ಕೇಳಿದ್ದು ಆವತ್ತೇ. ಕಳೆದುಕೊಂಡ ಮೇಲೆ ಊರಾಯಿತು ಅದು.

ಹತ್ತೊಂಬತ್ತಕ್ಕೆ ಊರು ಬಿಡಿ

ಕೊನೆಯದಾಗಿ ಮತ್ತೆ ಕೊರ್ಯೊ ಸರಾಮ್ ಜನರ ಹತ್ತಿರ ಬರೋಣ. ಸೋವಿಯತ್ ಒಕ್ಕೂಟ ಬಿದ್ದ ಮೇಲೆ ಉಜ್ಬೇಕಿಸ್ತಾನ, ಕಜಕಿಸ್ತಾನದಿಂದ ಸಾವಿರಾರು ಜನ ಕೆಲಸ ಹುಡುಕಿಕೊಂಡು ದಕ್ಷಿಣ ಕೊರಿಯಾಕ್ಕೆ ಬಂದರು. ಮುತ್ತಜ್ಜನ ದೇಶ. ಬಂದು ನೋಡಿದರೆ ಅಲ್ಲಿ ಇವರು ವಿದೇಶಿಯರು. ಮುಖ ಕೊರಿಯನ್, ಬಾಯಿ ರಷ್ಯನ್. ಅಜ್ಜಿಯಿಂದ ಕಲಿತ ನಾಲ್ಕು ಕೊರಿಯನ್ ಮಾತೂ ಉತ್ತರದ ಹಳೆಯ ಆಡುಮಾತು, ಸೋಲ್‌ನವರಿಗೆ ನಗು. ಸಿಕ್ಕ ಕೆಲಸ ಫ್ಯಾಕ್ಟರಿ, ಹೊಲ.

ಕಾನೂನು ಮೂರನೇ ತಲೆಮಾರಿನವರೆಗೆ ಮಾತ್ರ ಅವರನ್ನು 'ನಮ್ಮವರು' ಅಂತ ಒಪ್ಪುತ್ತಿತ್ತು. ನಾಲ್ಕನೇ ತಲೆಮಾರಿನ ಮಗು ಅಪ್ಪ ಅಮ್ಮನ ಜೊತೆ ಬಂದು ಇಲ್ಲೇ ಶಾಲೆಗೆ ಹೋಗಬಹುದು, 19 ತುಂಬಿದರೆ ಹೊರಡಬೇಕು. ಅಪ್ಪ ಅಮ್ಮ ಇಲ್ಲಿ, ಮಗ ಯಾರೂ ಇಲ್ಲದ ತಾಷ್ಕೆಂಟ್‌ಗೆ. 2019ರ ಜುಲೈನಲ್ಲಿ ಈ ನಿಯಮ ಹೋಯಿತು.

ಗ್ವಾಂಗ್‌ಜು ನಗರದ ವೊಲ್ಗೊಕ್‌ದೊಂಗ್ ಬಡಾವಣೆಯಲ್ಲಿ ಇವರದೇ ಒಂದು ಕೇರಿ ಆಗಿದೆ. ಅಂಗಡಿಗಳ ಬೋರ್ಡು ರಷ್ಯನ್ ಅಕ್ಷರದಲ್ಲಿ. ಒಳಗೆ ರಷ್ಯನ್ ಬ್ರೆಡ್ಡು, ಪಕ್ಕದಲ್ಲಿ ಕೆಂಪಗೆ ಮಿನುಗುವ ಮಾರ್ಕೊವ್ ಚಾ. ಎಲೆಕೋಸು ಈಗ ಬೀದಿ ಬೀದಿಯಲ್ಲಿ ಸಿಗುತ್ತದೆ, ಕಿಮ್ಚಿಗೆ ಬರವಿಲ್ಲ. ಆದರೂ ಇವರು ಕ್ಯಾರೆಟ್ಟಿಗೇ ಬರುತ್ತಾರೆ. ರಜೆಗೆ ಸುತ್ತಾಡಲು ಬರುವ ಕೊರಿಯನ್ನರೂ ಒಂದು ಡಬ್ಬಿ ಕೊಂಡು ಹೋಗುತ್ತಾರೆ, ಮಧ್ಯ ಏಷ್ಯಾದ ತಿಂಡಿ ಅಂತ.